ಮೊಯಾಲೆಯ ಅಂಗಡಿ ಯಾರದು

ಹೋದ ವಾರ ಮಗಳು ನಿಧಿಯ ಜೊತೆ ಪರದೆ ಬಟ್ಟೆ ಕೊಳ್ಳಲು ನೈರೋಬಿಯ ಈಸ್ಟ್ಲೀ ಪೇಟೆಗೆ ಹೋಗಿದ್ದೆ. ಮಳೆ ಜೋರಾಗಿ ಹಿಡಿದುಕೊಂಡಿತು. ಇಬ್ಬರೂ ಓಡಿಹೋಗಿ ಒಂದು ಚಹಾದಂಗಡಿಯ ತಗಡಿನ ಸೂರಿನಡಿ ನಿಂತೆವು. ಒಳಗೆ ಒಬ್ಬ ಸೊಮಾಲಿ ಹೆಂಗಸು ಒಂಟೆಯ ಹಾಲು ಕಾಯಿಸುತ್ತಿದ್ದಳು. ಉತ್ತರದ ಕಡೆಯವರು ಹಾಲು ತುಂಬುವ ಮೊದಲು ಪಾತ್ರೆಗೆ ಕಟ್ಟಿಗೆಯ ಹೊಗೆ ಹಿಡಿಸುತ್ತಾರೆ, ಹಾಲು ಕೆಡದಿರಲಿ ಎಂದು. ಆ ಹೊಗೆ ಹಾಲಿಗೆ ಇಳಿದು ಚಹಾಕ್ಕೂ ಬರುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಶ್ರೀಕಂಠ ಮೊಯಾಲೆಯಿಂದ ನೈರೋಬಿಗೆ ಬಂದಾಗ ಇವರ ಶರಟುಗಳಿಗೆಲ್ಲ ಇದೇ ವಾಸನೆ ಇರುತ್ತಿತ್ತು.

ಈಗ ಆ ವಾಸನೆ ಮೂಗಿಗೆ ಬಡಿದಾಗ ಇವರ ಶರಟು ನೆನಪಾಗಬೇಕಿತ್ತು. ಕಣ್ಣ ಮುಂದೆ ಬಂದದ್ದು ಮಹದೇವಣ್ಣನ ಮುಖ.

ಅಲ್ಲೇ ನಿಂತು ನನಗೆ ಸಿಟ್ಟು ಬಂತು. ಹೋದ ವರ್ಷದ ಮಳೆಗಾಲದಲ್ಲಿ ಆ ಮನುಷ್ಯ ಎರಡು ತಿಂಗಳು ನೈರೋಬಿಯಲ್ಲಿ ಇದ್ದು ಹೋದ ಮೇಲೆ, ನನ್ನ ಗಂಡನದಾಗಿದ್ದ ಎಷ್ಟೋ ನೆನಪುಗಳಿಗೆ ಅವರ ಮುಖ ಅಂಟಿಕೊಂಡುಬಿಟ್ಟಿದೆ. ಕಿತ್ತರೆ ಬರುವುದಿಲ್ಲ.

ಇವರು ತೀರಿಕೊಂಡದ್ದು ಆ ಮಳೆಗೆ ಮುಂಚಿನ ಬಿಸಿಲಿನಲ್ಲಿ. ಹೊಟ್ಟೆಯೊಳಗೆ ಗಡ್ಡೆ. ಡಾಕ್ಟರು ತೆರೆದು ನೋಡಿ ಹಾಗೇ ಮುಚ್ಚಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿನಲ್ಲಿ ಬಾಲ್ಕನಿಯ ಪಕ್ಕಕ್ಕೆ ಮಂಚ ಎಳೆದು ಹಾಕಿದೆವು. ಕೆಲವು ವಾರ ಇದ್ದರು, ಆಮೇಲೆ ಇಲ್ಲ. ಬಂದವರೆಲ್ಲ ಬಂದು ಹೋದರು. ಗೇಟಿನ ಕಾವಲುಗಾರ ಮುತುವಾ ನನ್ನನ್ನು ಕಂಡಾಗಲೆಲ್ಲ ಟೋಪಿ ತೆಗೆದು "ಪೋಲೆ, ಮಾಮಾ" ಎಂದು ಮರುಗುತ್ತಿದ್ದ. ಒಂದು ದಿನ ಅವನೂ ಬರೀ "ಸವಾ?", ಎಲ್ಲ ಸರಿಯಾ, ಎಂದು ಗೇಟು ತೆರೆದ. ಅವತ್ತೇ ಮಳೆ ಶುರುವಾದದ್ದು. ಅದಾಗಿ ಸ್ವಲ್ಪ ದಿನಕ್ಕೆ ಕೆನಡಾದಿಂದ ಮಹದೇವಣ್ಣ ಬಂದರು.

ಮಹದೇವಣ್ಣ ಮತ್ತು ಇವರು ಮೈಸೂರಿನಲ್ಲಿ ಒಂದೇ ಬೀದಿಯಲ್ಲಿ ಬೆಳೆದವರು. ನೈರೋಬಿಗೆ ಒಟ್ಟಿಗೆ ಬಂದು ಒಂದೇ ಸಾಬೂನು ಕಂಪನಿಯಲ್ಲಿ ಮಾರಾಟದ ಕೆಲಸ ಮಾಡಿ, ಆ ಕೆಲಸ ಬಿಟ್ಟು ಇಥಿಯೋಪಿಯಾ ಗಡಿಯ ಮೊಯಾಲೆಯಲ್ಲಿ ಪಾಲಿನಲ್ಲಿ ಅಂಗಡಿ ಇಟ್ಟವರು. ಸಕ್ಕರೆ, ಎಣ್ಣೆ, ಸಾಬೂನು, ಚಹಾಪುಡಿ, ಟಾರ್ಚ್ ಬ್ಯಾಟರಿ. ಗಡಿಯಲ್ಲಿ ಗಲಾಟೆ ಹೆಚ್ಚಾಗಿ ಅಂಗಡಿ ಮುಚ್ಚಿದಾಗ ಇವರು ನನಗಾಗಿ, ಕೈಗೂಸಾಗಿದ್ದ ನಿಧಿಗಾಗಿ ನೈರೋಬಿಯಲ್ಲೇ ಒಂದು ಔಷಧಿ ಕಂಪನಿಯ ಗೋದಾಮಿಗೆ ಸೇರಿದರು. ಮದುವೆಯಾಗದೆ ಉಳಿದಿದ್ದ ಮಹದೇವಣ್ಣ ಕೆನಡಾಕ್ಕೆ ಹೋದರು. ಗೋಧಿ ಬೆಳೆಯುವ ಬಯಲುಸೀಮೆಯ ಒಂದು ಸಣ್ಣ ಊರಿನಲ್ಲಿ ಪೆಟ್ರೋಲ್ ಬಂಕಿನ ಜೊತೆ ದಿನಸಿ ಅಂಗಡಿ ಇಟ್ಟರು. ಆಮೇಲೆ ಆ ಪ್ರಾಂತ್ಯದ ಶಾಸನಸಭೆಗೆ ಗೆದ್ದರು. ಅಲ್ಲೂ ಎಂ.ಎಲ್.ಎ. ಅಂತಲೇ ಕರೆಯುತ್ತಾರಂತೆ. ಅಲ್ಲಿಯವರ ಬಾಯಲ್ಲಿ ಮಹದೇವ ಹೋಗಿ ಡೇವ್ ಆದರು. ಈಗ ರಾಜಕೀಯ ಸಾಕು ಎಂದು ಬಿಟ್ಟು ತಮ್ಮ ಜೀವನದ ಕಥೆ ಬರೆಸುತ್ತಿದ್ದರು. ಅದಕ್ಕೆ ಬೇಕಾದ ಹಳೆಯದನ್ನೆಲ್ಲ ನೆನಪು ಮಾಡಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲು ಬಂದಿದ್ದರು. ರಿವರ್‌ಸೈಡಿನಲ್ಲಿ ನಮ್ಮ ಮನೆಗೆ ಹತ್ತಿರವೇ ಎರಡು ತಿಂಗಳಿಗೆ ಒಂದು ಫ್ಲ್ಯಾಟು ಹಿಡಿದಿದ್ದರು.

ನಮ್ಮ ಮನೆಗೆ ಬಂದ ದಿನ ಬಾಗಿಲಲ್ಲೇ ಅತ್ತರು. ಜೋರಾಗಿ, ಮೇಲಿನ ಮನೆಯವರಿಗೂ ಕೇಳುವ ಹಾಗೆ. ನಾನು ಅಷ್ಟು ಜೋರಾಗಿ ಅತ್ತಿರಲಿಲ್ಲ. ನಿಧಿ ಅವರ ಬೆನ್ನು ಸವರುತ್ತಾ ಸಮಾಧಾನ ಮಾಡಿದಳು. ಆಮೇಲೆ ಊಟಕ್ಕೆ ಕೂತರು.

"ಶ್ರೀಕಂಠನ ಮನೇಲಿ ಹುಳಿ ತಿಂದು ಯಾವ ಕಾಲ ಆಯ್ತು! ಹಾಕು ವನಜಾ, ಇನ್ನೊಂದ್ ಸೌಟು ಹಾಕು."

ಇವರಿಗಿಂತ ಒಂದು ವರ್ಷಕ್ಕೆ ದೊಡ್ಡವರು. ಇವರಿಗಿದ್ದ ಹಾಗೇ ಸಕ್ಕರೆ ಕಾಯಿಲೆ. ಕೂದಲು ಮಾತ್ರ ಇನ್ನೂ ಕಪ್ಪು. ಬಣ್ಣ ಹಚ್ಚಿದ್ದಿರಬಹುದು. ಆದರೂ ಅವರು ಎರಡನೆಯ ಸಲ ಅನ್ನ ಕಲಸಿಕೊಳ್ಳುವುದನ್ನು ನೋಡುತ್ತಾ, ಇವರ ಕುರ್ಚಿಯಲ್ಲಿ ಕೂತು ಇವರ ಪಾಲಿನದನ್ನು ತಿನ್ನುತ್ತಿದ್ದಾರೆ ಅಂತ ನನಗೆ ಅನ್ನಿಸಿತು. ಅನ್ನಿಸಬಾರದಿತ್ತು. ಅನ್ನಿಸಿತು.

ಹೊರಡುವಾಗ ಗೇಟಿನ ಹತ್ತಿರ ನಿಂತರು. ಬಾಲ್ಕನಿಯಿಂದ ನೋಡುತ್ತಿದ್ದೆ. ಮುತುವಾನನ್ನು ಕೇಳಿದರು, "ಹಬಾರಿ ಯಾ ನ್ಯುಂಬಾನಿ?" ಮನೆಯ ಸುದ್ದಿ ಏನು ಎಂದು. ಇಲ್ಲಿ ಎಲ್ಲರೂ ಎಲ್ಲರನ್ನೂ ಹಾಗೆ ಕೇಳುತ್ತಾರೆ, ಚೆನ್ನಾಗಿದೆ ಅಂದರೆ ಮುಗಿಯಿತು. ಮುತುವಾ ಚೆನ್ನಾಗಿದೆ ಎಂದ. ಮಹದೇವಣ್ಣ ಕದಲಲಿಲ್ಲ. ಮುತುವಾ ತನ್ನ ಹಸುವಿನ ವಿಷಯ ಏನೋ ಶುರು ಮಾಡಿದ. ಆಗ ಮಹದೇವಣ್ಣ ಕೈಗಡಿಯಾರ ಬಿಚ್ಚಿ ಶರಟಿನ ಜೇಬಿಗೆ ಇಳಿಬಿಟ್ಟು, ತಲೆ ಒಂದು ಕಡೆ ವಾಲಿಸಿ, "ಹಲಾಫು?" ಎಂದರು. ಆಮೇಲೆ?

ನಾನು ಬಾಲ್ಕನಿಯ ಕಂಬಿ ಹಿಡಿದುಕೊಂಡೆ. ಅದು ಇವರು. ಗಡಿಯಾರ ಬಿಚ್ಚುವುದು, ಜೇಬಿಗೆ ಇಳಿಬಿಡುವುದು, ತಲೆ ವಾಲಿಸುವುದು, ಆ 'ಹಲಾಫು', ಎಲ್ಲವೂ ಇವರದು.

ಮೊಯಾಲೆಗೆ ನಾನು ಹೋದದ್ದು ಒಂದೇ ಸಲ, ಮದುವೆಯಾದ ವರ್ಷ. ಡಾಂಬರು ಇಲ್ಲದ ರಸ್ತೆ, ಸಾಮಾನಿನ ಲಾರಿಯಲ್ಲಿ ಡ್ರೈವರಿನ ಪಕ್ಕ ಕೂತು ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲವು ದಿನ ಇದ್ದೆ. ಕೋಣೆಗೂ ಅಂಗಡಿಗೂ ನಡುವೆ ಒಂದು ಗೋಣಿಪರದೆ. ಅದರ ಸಂದಿಯಿಂದ ಗಂಡನ ವ್ಯಾಪಾರ ನೋಡಿದೆ. ವ್ಯಾಪಾರವೇ ಮಾಡುತ್ತಿರಲಿಲ್ಲ. ಬೆಳಗಿನಿಂದ ಜಗಲಿಯ ಮೇಲೆ ಚಹಾ ಇಟ್ಟುಕೊಂಡು ಕೂತಿರುತ್ತಿದ್ದರು. ಒಂಟೆ, ಆಡು ಹೊಡೆದುಕೊಂಡು ಬಂದವರು ಪಕ್ಕದಲ್ಲಿ ಕೂರುತ್ತಿದ್ದರು. ಅಲ್ಲಿ ದೂರದಿಂದ ಬಂದವನು ದಾರಿಯ ಸುದ್ದಿಯನ್ನೆಲ್ಲ ಹೇಳಬೇಕು: ಎಲ್ಲಿ ಮಳೆ ಬಿತ್ತು, ಎಲ್ಲಿ ಹುಲ್ಲಿದೆ, ಯಾವ ಬಾವಿ ಬತ್ತಿತು, ಯಾರು ಸತ್ತರು. ಕೂತವನು ಪೂರ್ತಿ ಕೇಳಬೇಕು. ಅದು ಮುಗಿಯದೆ ಕೊಡು-ಕೊಳ್ಳುವ ಮಾತಿಲ್ಲ. ಒಳಗೆ ಮೇಜಿನ ಮುಂದೆ ಕ್ಯಾಲ್ಕುಲೇಟರ್ ಹಿಡಿದು ಕೂತ ಮಹದೇವಣ್ಣ ಚಡಪಡಿಸುತ್ತಿದ್ದರು.

"ಲೋ ಶ್ರೀಕಂಠಾ, ಆ ಮಾರಾಯ ಏನ್ ತಗೋತಾನೆ ಕೇಳೋ ಮೊದ್ಲು! ಅವನ ಒಂಟೆ ಬಸುರಿ ಆದ್ರೆ ನಮಗೇನೋ?"

"ಸುಮ್ನಿರೋ. ಈಗ ಹೇಳ್ತಾ ಇದಾರೆ."

ಗಡಿಯಾರದ ವಿಷಯ ಇವರೇ ನನಗೆ ಹೇಳಿದ್ದರು. ಅಂಗಡಿ ಇಟ್ಟ ಹೊಸತರಲ್ಲಿ ಒಬ್ಬ ಮುದುಕ ಸುದ್ದಿ ಹೇಳುತ್ತಿದ್ದಾಗ ಇವರು ಒಮ್ಮೆ ಗಡಿಯಾರ ನೋಡಿಕೊಂಡರಂತೆ. ಮುದುಕ ಅರ್ಧಕ್ಕೇ ನಿಲ್ಲಿಸಿ, ಚಹಾ ಮುಗಿಸಿ, ಎದುರಿನ ಅಂಗಡಿಗೆ ನಡೆದ. ಅವನ ಹಿಂದೆ ಅವನ ಕಡೆಯವರೆಲ್ಲ ಆ ಅಂಗಡಿಗೇ ಹೋದರು. ಅವತ್ತಿನಿಂದ ಯಾರಾದರೂ ಮಾತು ಶುರು ಮಾಡಿದರೆ ಇವರು ಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಿದ್ದರು. ಮುದುಕ ತಿರುಗಿ ಬಂದ. ಮಳೆ ಎಲ್ಲಿ ಬಿದ್ದಿದೆ ಎಂದು ಮೊದಲು ತಿಳಿದದ್ದರಿಂದ, ಆಡು ಮಾರಿ ಸಕ್ಕರೆ ಕೊಳ್ಳುವ ಜನ ಯಾವ ಕಡೆಯಿಂದ ಬರುತ್ತಾರೆ ಎನ್ನುವುದೂ ಇವರಿಗೇ ಮೊದಲು ಗೊತ್ತಾಗುತ್ತಿತ್ತು. ಅಂಗಡಿ ನೆಲೆಯೂರಿದ್ದೇ ಹಾಗೆ.

ಕೆನಡಾದಲ್ಲಿ ಮಹದೇವಣ್ಣ ಮೊದಲನೆಯ ಚುನಾವಣೆಯಲ್ಲಿ ಸೋತರು. ಮನೆಮನೆಗೆ ಕರಪತ್ರ ಹಂಚಿದರಂತೆ. ಬಾಗಿಲು ತೆರೆದವರು ತೆಗೆದುಕೊಂಡು ಮುಚ್ಚಿದರಂತೆ. ಸೋತ ಮೇಲೆ ಇವರಿಗೆ ಫೋನ್ ಮಾಡಿದ್ದರು. ನಾನು ಅಡುಗೆಮನೆಯಲ್ಲಿದ್ದೆ, ಇವರ ಮಾತು ಕಿವಿಗೆ ಬೀಳುತ್ತಿತ್ತು. "ಓಟು ಯಾಕೋ ಕೇಳ್ತೀಯ? ಅವರ ಹಬಾರಿ ಕೇಳು. ಗೋಧಿ ಹೇಗಾಯ್ತು, ದನ ಹೇಗಿದಾವೆ, ಕೇಳು. ವಾಚ್ ಬಿಚ್ಚಿ ಜೇಬಿಗೆ ಹಾಕು. ಮುಗಿಯೋವರೆಗೂ ಏಳ್ಬೇಡ. ಓಟಿನ ಮಾತೇ ಎತ್ತಬೇಡ." ಮುಂದಿನ ಸಲ ಗೆದ್ದರು. ಅದರ ಮುಂದಿನ ಸಲವೂ ಗೆದ್ದರು. ಅಲ್ಲಿಯ ಟಿವಿಯಲ್ಲಿ 'ಗಡಿಯಾರ ಬಿಚ್ಚುವ ಎಂ.ಎಲ್.ಎ.' ಎಂದು ತೋರಿಸಿದ್ದನ್ನು ಅವರೇ ಕಳಿಸಿದ್ದರು. ಅದನ್ನು ನೋಡಿ ಇವರು ನಕ್ಕರು.

"ಚೆನ್ನಾಗಿ ಕಲ್ತಿದಾನೆ ಕಣೇ."

"ನಿಮ್ಮ ಹೆಸರು ಎಲ್ಲಾದ್ರೂ ಹೇಳಿದಾರಾ?"

"ನನ್ನ ಹೆಸರು ತಗೊಂಡು ಅವರೇನ್ ಮಾಡ್ತಾರೆ? ಓಟ್ ಅವನಿಗಲ್ವಾ ಬೇಕಿರೋದು?"

ಇವರಿಗೆ ಹೊಟ್ಟೆಕಿಚ್ಚು ಅನ್ನುವುದು ಇರಲಿಲ್ಲ. ಅದೆಲ್ಲ ನನಗೇ ಬಂದು ಸೇರಿತ್ತು.

ನಿಧಿಗೆ ಕಾಲೇಜು ಮುಗಿದ ಮೇಲೆ ರಿವರ್‌ಸೈಡಿಗೆ ಹೋಗುವುದು ಅಭ್ಯಾಸವಾಯಿತು. ಅಪ್ಪ ಹೋದ ಮೇಲೆ ನನ್ನ ಜೊತೆ ಹೆಚ್ಚು ಮಾತಾಡದೆ ಕೋಣೆ ಸೇರುತ್ತಿದ್ದವಳು ಅಲ್ಲಿಂದ ಬರುವಾಗ ಮುಖ ಅರಳಿಸಿಕೊಂಡು ಬರುತ್ತಿದ್ದಳು. ಒಂದು ಸಂಜೆ ಮಳೆಗೆ ಕರೆಂಟು ಹೋಗಿತ್ತು. ದೀಪಕ್ಕೆ ಮುತ್ತಿದ ರೆಕ್ಕೆಹುಳಗಳನ್ನು ನಾನು ಬಾಗಿಲ ಹೊರಗೆ ಗುಡಿಸುತ್ತಿದ್ದೆ. ಅವಳು ಒದ್ದೆ ಶೂ ಕಳಚುತ್ತಾ ಹೇಳಿದಳು, "ಅಮ್ಮ, ಯು ನೋ ವಾಟ್? ಮೊಯಾಲೇಲಿ ಒಬ್ಬ ಓಲ್ಡ್ ಮ್ಯಾನ್ ಮಾತಾಡ್ವಾಗ ಡೇವ್ ಅಂಕಲ್ ವಾಚ್ ನೋಡಿದ್ರಂತೆ..."

ಪೂರ್ತಿ ಹೇಳಿದಳು. ನನ್ನ ಗಂಡನ ಕಥೆಯನ್ನು ನನ್ನ ಮಗಳು ನನಗೇ ಹೇಳಿದಳು, ಬೇರೆಯವರದೆಂದು.

"ಅದು ನಿಮ್ಮಪ್ಪಂದು," ಎಂದೆ.

"ಅಮ್ಮ, ಎವ್ರಿಥಿಂಗ್ ಅಪ್ಪಂದೇ ಆಗಕ್ಕಾಗುತ್ತಾ?"

"ಇದು ಅಪ್ಪಂದೇ. ಮಾತಾಡೋರ ಮುಂದೆ ವಾಚ್ ಬಿಚ್ಚಿಡ್ತಿದ್ದಿದ್ದು ಅವರೇ."

ನಿಧಿ ಇನ್ನೊಂದು ಶೂ ಕಳಚಿ ಬಾಗಿಲ ಪಕ್ಕ ಇಟ್ಟಳು. "ಅಪ್ಪ ವಾಚ್ ಬಿಚ್ಚಿದ್ದು ನಾನು ಒಂದ್ಸಲಾನೂ ನೋಡಿಲ್ಲಮ್ಮ. ಹೀ ವಾಸ್ ಆಲ್ವೇಸ್ ಲೇಟ್ ಫಾರ್ ಸಮ್‌ಥಿಂಗ್."

ಅದು ನಿಜವೇ. ನೈರೋಬಿಗೆ ಬಂದ ಮೇಲೆ ಇವರ ಬದುಕೆಲ್ಲ ಗೋದಾಮು, ಟ್ರಾಫಿಕ್ಕು, ಫೋನು. ಊಟಕ್ಕೆ ಕೂತರೂ ಕಣ್ಣು ಗಡಿಯಾರದ ಮೇಲೆ. ನಿಧಿ ಶಾಲೆಯ ವಿಷಯ ಏನಾದರೂ ಹೇಳಲು ಬಂದರೆ "ಬೇಗ ಹೇಳು ಪುಟ್ಟಾ" ಅನ್ನುತ್ತಿದ್ದರು. ಜಗಲಿಯ ಮೇಲೆ ಕೂತಿದ್ದ ಮನುಷ್ಯ ನಿಧಿಗೆ ಸಿಗಲೇ ಇಲ್ಲ. ಸಿಕ್ಕಿದ್ದರೆ ಮಹದೇವಣ್ಣನಲ್ಲಿ ಸಿಕ್ಕಿರಬೇಕು. ನನಗೆ ಉರಿದದ್ದು ಅದಕ್ಕೆ.

ಈಸ್ಟರ್ ರಜೆಯಲ್ಲಿ ಮಹದೇವಣ್ಣ ಮೊಯಾಲೆಗೆ ಹೊರಟರು. ನಿಧಿಯೂ ಹೊರಟಳು. ನನ್ನನ್ನೂ ಕರೆದರು, ನಾನು ಹೋಗಲಿಲ್ಲ. ಆ ಜಗಲಿಯನ್ನು ಅವರ ಜೊತೆ ನಿಂತು ನೋಡುವುದು ನನಗೆ ಬೇಡವಾಗಿತ್ತು. ಈಗ ಅಲ್ಲಿಗೆಲ್ಲ ಡಾಂಬರು ರಸ್ತೆ. ಹೋಗಿ ಬಂದ ನಿಧಿಯ ಬಾಯಿ ನಿಲ್ಲಲಿಲ್ಲ. ಅಂಗಡಿ ಇದ್ದ ಕಡೆ ಮೊಬೈಲ್ ಅಂಗಡಿಯಿದೆಯಂತೆ. ಜಗಲಿ ಮಾತ್ರ ಹಾಗೇ ಇದೆಯಂತೆ. ಡೇವ್ ಅಂಕಲ್ ಅದರ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುತ್ತಿದ್ದಾಗ ತೀರ ವಯಸ್ಸಾದ ಒಬ್ಬರು ಕೋಲೂರಿಕೊಂಡು ಬಂದರಂತೆ. ಅವರಿಗೆ ಕಣ್ಣು ಮಂಜು. ಪಕ್ಕದಲ್ಲಿ ಕೂತು ಸುದ್ದಿ ಶುರು ಮಾಡಿದರಂತೆ. ಅಂಕಲ್ ಗಡಿಯಾರ ಬಿಚ್ಚಿದರಂತೆ.

"ಆ ತಾತ ಅಂಕಲ್ ವಾಚ್ ಬಿಚ್ಚಿದ ಕೈ ಮುಟ್ಟಿ ನೋಡಿ, ತಬ್ಕೊಂಡು ಅಳಕ್ಕೆ ಶುರು ಮಾಡಿದ್ರು ಅಮ್ಮ! 'ಶ್ರೀ, ಶ್ರೀ' ಅಂತ. ಹೀ ಥಾಟ್ ಹೀ ವಾಸ್ ಅಪ್ಪ! ಪಾಪ, ವಯಸ್ಸಾಗಿದೆಯಲ್ಲ, ಕನ್‌ಫ್ಯೂಸ್ ಆಗ್ಬಿಟ್ರು. ಅಂಕಲ್ ಕರೆಕ್ಟೂ ಮಾಡ್ಲಿಲ್ಲ. ಸುಮ್ನೆ ಕೂತು ಎಲ್ಲಾ ಕೇಳಿಸ್ಕೊಂಡ್ರು. ಎಷ್ಟ್ ಸ್ವೀಟ್ ಅಲ್ವಾ?"

ನಾನು ಹಿಟ್ಟು ನಾದುತ್ತಿದ್ದೆ. ಕೈ ನಿಂತಿತು. ಅವಳಿಗೆ ತಿಳಿಯಲಿಲ್ಲ. ಆ ಮುದುಕರಿಗೆ ಗೊಂದಲವೇನೂ ಆಗಿರಲಿಲ್ಲ. ಆ ಊರಿನಲ್ಲಿ ಗಡಿಯಾರ ಬಿಚ್ಚಿ ಸುದ್ದಿ ಕೇಳುವ ಇಂಡಿಯಾದವನು ಒಬ್ಬನೇ ಇದ್ದ. ಅವನ ಹೆಸರು ಶ್ರೀ.

"ನೋಡಿದ್ಯಾ?" ಎಂದೆ.

"ಏನಮ್ಮ?"

"ಏನಿಲ್ಲ. ಕೈ ತೊಳ್ಕೋ."

ಅವಳೇ ಕಂಡುಕೊಳ್ಳಲಿ ಎಂದಿತ್ತು ನನಗೆ. ಇನ್ನೂ ಒಂದು ಆಸೆಯಿತ್ತು. ಕನ್ನಡ ಸಂಘದವರು ಮಹದೇವಣ್ಣನಿಗೆ ಸನ್ಮಾನ ಇಟ್ಟುಕೊಂಡಿದ್ದರು, ಲಂಗಾಟಾದ ಒಂದು ಶಾಲೆಯ ಸಭಾಂಗಣದಲ್ಲಿ. ಅಲ್ಲಿ ನಮ್ಮವರೆಲ್ಲರ ಮುಂದೆ ಅವರು ಹೇಳಿಯಾರು. ಹೇಳಬೇಕಾದ್ದು ಒಂದೇ ಮಾತು: ಇದನ್ನು ನನಗೆ ಕಲಿಸಿದವನು ಶ್ರೀಕಂಠ. ಅಷ್ಟು ಹೇಳಿಬಿಟ್ಟರೆ ಕಪ್ಪು ಕೂದಲು, ಟಿವಿ, ನಿಧಿಯ ಅರಳಿದ ಮುಖ, ಉಳಿದದ್ದನ್ನೆಲ್ಲ ನಾನು ಬಿಟ್ಟುಬಿಡುತ್ತಿದ್ದೆ.

ಅವತ್ತೂ ಮಳೆ. ಅರ್ಧ ಜನ ದಾರಿಯ ನೀರಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದರು. ಮೈಸೂರು ಪೇಟ ತಂದಿದ್ದರು, ಮಹದೇವಣ್ಣನ ತಲೆಗೆ ಚಿಕ್ಕದಾಯಿತು. ಕಾರ್ಯದರ್ಶಿ ಒತ್ತಿ ಕೂರಿಸಲು ಹೋದರು. "ಬಿಡಪ್ಪಾ, ಮಂತ್ರಿ ಮಾಡ್ಲಿಲ್ಲ ನನ್ನ, ಅದಕ್ಕೇ ತಲೆ ಊದಿಲ್ಲ ಅಂದ್ಕೊಂಡಿದ್ದೆ" ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾತು ಶುರು ಮಾಡಿದರು: ಲಾರಿ, ಧೂಳು, ಗಡಿ, ಒಂಟೆ. ಜಗಲಿ ಬಂತು. ಮುದುಕ ಬಂದ. ಗಡಿಯಾರ ಬಂತು. ವೇದಿಕೆಯ ಮೇಲೇ ಬಿಚ್ಚಿ ಜೇಬಿಗೆ ಹಾಕಿ ತೋರಿಸಿದರು. ಚಪ್ಪಾಳೆ. ನಾನು ಸೀರೆಯ ಸೆರಗು ಬಿಗಿಹಿಡಿದು ಕಾದೆ.

"ನನ್ನ ಜೊತೆ ನಮ್ಮ ಶ್ರೀಕಂಠ ಇದ್ದ," ಎಂದರು. "ಬಂಗಾರದಂಥ ಮನುಷ್ಯ. ಅವನಿಗೆ ಜನ ಅಂದ್ರೆ ಸ್ವಲ್ಪ ಸಂಕೋಚ. ಒಳಗೆ ಕೂತು ಲೆಕ್ಕ ನೋಡ್ಕೊಳ್ತಿದ್ದ. ಅವನು ಒಳಗಿದ್ದ ಅಂತ ನಾನು ಹೊರಗೆ ಧೈರ್ಯವಾಗಿ ಕೂತಿರ್ತಿದ್ದೆ."

ಎಲ್ಲರೂ ನನ್ನ ಕಡೆ ತಿರುಗಿ ಪ್ರೀತಿಯಿಂದ ನೋಡಿದರು. ಪಕ್ಕದಲ್ಲಿ ಕೂತಿದ್ದ ನಿಧಿ ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ.

ಮಾರನೆಯ ದಿನ ಮಧ್ಯಾಹ್ನ, ನಿಧಿ ಕಾಲೇಜಿನಲ್ಲಿದ್ದಾಗ, ಕ್ಯಾರಿಯರಿನಲ್ಲಿ ಅನ್ನ ಹುಳಿ ತುಂಬಿಕೊಂಡು ರಿವರ್‌ಸೈಡಿಗೆ ಹೋದೆ. ಬರಿಗೈಯಲ್ಲಿ ಹೋಗಿ ಜಗಳ ಆಡುವುದು ನನಗೆ ಗೊತ್ತಿಲ್ಲ. ಮಹದೇವಣ್ಣ ಒಬ್ಬರೇ ಇದ್ದರು. ಕ್ಯಾರಿಯರ್ ಮೇಜಿನ ಮೇಲಿಟ್ಟು ನಿಂತೇ ಹೇಳಿದೆ.

"ಮಹದೇವಣ್ಣ, ಲೆಕ್ಕ ನೋಡ್ಕೊಳ್ತಿದ್ದೋರು ನೀವು."

"ಏನಂದೆ?"

"ಜಗಲಿ ಮೇಲೆ ಕೂತಿರ್ತಿದ್ದೋರು ಇವರು. ನೀವು ಒಳಗಿಂದ ಕೂಗ್ತಿದ್ರಿ. ಒಂಟೆ ಬಸುರಿ ಆದ್ರೆ ನಮಗೇನು ಅಂತ. ನಾನು ಪರದೆ ಹಿಂದೆ ಇದ್ದೆ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಅಂಗೈ ನೋಡಿಕೊಂಡರು.

"ಎಷ್ಟ್ ಸಲ ಹೇಳಿದೀನಿ ಅಂದ್ರೆ ವನಜಾ, ಕಣ್ಣು ಮುಚ್ಚಿದ್ರೆ ಈಗ ಜಗಲಿ ಮೇಲೆ ನಾನೇ ಕಾಣ್ತೀನಿ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ."

"ಆ ತಾತನಿಗಾದ್ರೂ ಹೇಳ್ಬೋದಿತ್ತಲ್ಲ? ಶ್ರೀ ಅಂತ ತಬ್ಕೊಂಡಾಗ?"

"ಏನಂತ ಹೇಳ್ಲಿ? ನಿಮ್ಮ ಶ್ರೀ ಸತ್ತ ಅಂತ ಹೇಳ್ಲಾ? ಅವರು ಎಷ್ಟ್ ಖುಷಿಯಾಗಿದ್ರು ಗೊತ್ತಾ? ನನಗೂ..." ಕ್ಯಾರಿಯರನ್ನು ಸ್ವಲ್ಪ ಅತ್ತ ಸರಿಸಿದರು. "ಸ್ವಲ್ಪ ಹೊತ್ತು ಅವನು ಬದುಕಿದ್ದ ಹಾಗಾಯ್ತು. ಅವನಾಗಿ ಕೂತಿದ್ದೆ."

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅದರ ಬದಲು ಅದಕ್ಕೂ ಹೊಟ್ಟೆ ಉರಿಯಿತು. ಇವರಾಗಿ ಕೂರುವುದು ನನಗೆ ಆಗುವುದಿಲ್ಲವಲ್ಲ. ನಾನು ಬರೀ ಇವರ ಹೆಂಡತಿ.

"ಅದು ಅವರ ಗುಣ ಮಹದೇವಣ್ಣ. ನಿಮ್ಮದಲ್ಲ."

ಆಗ ಅವರಿಗೂ ರೇಗಿತು. "ಅವನದೇ. ಒಪ್ಕೊಂಡೆ. ಆದ್ರೆ ಅವನು ಬಿಟ್ಬಿಟ್ಟ, ನಾನು ಇಟ್ಕೊಂಡೆ. ನೈರೋಬಿಗೆ ಬಂದ್ಮೇಲೆ ಅವನು ಯಾರ ಮಾತು ಪೂರ್ತಿ ಕೇಳ್ದ, ಹೇಳು? ನಾನು ಕೆನಡಾದಿಂದ ಫೋನ್ ಮಾಡಿದ್ರೆ 'ಆಮೇಲೆ ಮಾಡ್ತೀನಿ ಕಣೋ' ಅಂತ ಇಟ್ಬಿಡ್ತಿದ್ದ. ನಿಧಿನೇ ಹೇಳ್ತಾಳೆ. ಸಾಯೋವರೆಗೂ ಅವನು ಗಡಿಯಾರ ನೋಡ್ಕೊಂಡೇ ಇದ್ದ. ಹೌದೋ ಅಲ್ವೋ?"

ಅಲ್ಲ.

ಡಾಕ್ಟರು ಮನೆಗೆ ಕಳಿಸಿದ ಮೇಲೆ ಒಂದು ಮಧ್ಯಾಹ್ನ ನಾನು ಇವರ ಮಂಚದ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದೆ. ಏನೋ ಹಳೆಯದು ಬಾಯಿಗೆ ಬಂತು, ನನ್ನ ತವರಿನ ವಿಷಯ. ಇವರು ಆ ಸೋತ ಕೈಯಿಂದ ಗಡಿಯಾರ ಬಿಚ್ಚಿದರು. ಜೇಬಿಲ್ಲದ ಅಂಗಿ, ಅದಕ್ಕೇ ದಿಂಬಿನ ಕೆಳಗೆ ಇಟ್ಟರು. "ಹೂಂ, ಹಲಾಫು?" ಎಂದರು. ಅಷ್ಟು ವರ್ಷದ ಸಂಸಾರದಲ್ಲಿ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಅವತ್ತಿನಿಂದ ದಿನಾ ಮಧ್ಯಾಹ್ನ ನಿಧಿ ಕಾಲೇಜಿನಿಂದ ಬರುವವರೆಗೆ ನಾನು ಹೇಳುತ್ತಿದ್ದೆ, ಇವರು ಕೇಳುತ್ತಿದ್ದರು. ಯಾರಿಗೂ ಹೇಳದ್ದನ್ನು ಹೇಳಿದೆ. ಇವರೂ ಕೆಲವು ಮಾತು ಹೇಳಿದರು. ಅವು ಯಾವುವು ಎಂದು ಇಲ್ಲಿ ಬರೆಯುವುದಿಲ್ಲ.

ಇಷ್ಟನ್ನು ಬರೆಯಲು ಅಂಜಿಕೆಯಿಲ್ಲ. ತಮಗೆ ಕನ್ನಡ ಓದುವ ರೂಢಿ ತಪ್ಪಿಹೋಗಿದೆ ಎಂದು ಮಹದೇವಣ್ಣನೇ ಹೇಳಿದ್ದರು.

ಅವತ್ತು ರಿವರ್‌ಸೈಡಿನಲ್ಲಿ ಇದನ್ನು ಹೇಳಿದ್ದರೆ ನಾನು ಗೆಲ್ಲುತ್ತಿದ್ದೆ. ಇವರು ಬಿಟ್ಟಿರಲಿಲ್ಲ ಎಂದು ತೋರಿಸಿಕೊಟ್ಟ ಹಾಗಾಗುತ್ತಿತ್ತು. ನನ್ನ ಮುಖದಲ್ಲಿ ಏನು ಕಂಡರೋ, ಮಹದೇವಣ್ಣನ ದನಿ ಇಳಿಯಿತು.

"ಕೊನೇಲಿ ಹೇಗಿದ್ದ ವನಜಾ? ನನಗೆ ಯಾರೂ ಹೇಳ್ಲಿಲ್ಲ. ಏನಾದ್ರೂ ಅಂದ್ನಾ? ಕೂತ್ಕೊಂಡು ಹೇಳು. ನಿಧಾನವಾಗಿ ಹೇಳು." ಹೇಳುತ್ತಲೇ ಅವರ ಕೈ ಗಡಿಯಾರದ ಪಟ್ಟಿಗೆ ಹೋಯಿತು. ಬೇಕೆಂದು ಮಾಡಿದ್ದಲ್ಲ, ಅವರಿಗೆ ಅದು ಉಸಿರಾಡಿದ ಹಾಗೆ. ಕಣ್ಣಲ್ಲಿ ನೀರಿತ್ತು. ನಿಜವಾಗಿ ಕೇಳುತ್ತಿದ್ದರು. ಎಷ್ಟು ಚೆನ್ನಾಗಿ ಕೇಳುತ್ತಿದ್ದರು ಅಂದರೆ, ಮಾತು ನನ್ನ ಗಂಟಲಿನವರೆಗೆ ಬಂದುಬಿಟ್ಟಿತ್ತು.

ಹೇಳಿದರೆ ಅದೂ ಅವರದಾಗುತ್ತದೆ. ಇನ್ನೊಂದು ಸಭೆಯಲ್ಲಿ, ಇನ್ನೊಂದು ಪೇಟದ ಕೆಳಗೆ, ಆ ಮಧ್ಯಾಹ್ನಗಳನ್ನು ಅವರು ಹೇಳುತ್ತಾರೆ. ಎಷ್ಟೋ ಸಲ ಹೇಳಿದ ಮೇಲೆ ಮಂಚದ ಪಕ್ಕದಲ್ಲೂ ಅವರೇ ಕೂತಿರುತ್ತಾರೆ.

"ಊಟ ಮಾಡಿ ಮಹದೇವಣ್ಣ. ಆರಿಹೋಗುತ್ತೆ," ಎಂದೆ. ಕ್ಯಾರಿಯರ್ ಬಿಚ್ಚಿ, ತಟ್ಟೆಗೆ ಬಡಿಸಿ, ಕೊಡೆ ತೆಗೆದುಕೊಂಡು ಬಂದುಬಿಟ್ಟೆ.

ಮಳೆ ಕಡಿಮೆಯಾಗುವ ಹೊತ್ತಿಗೆ ಅವರು ಕೆನಡಾಕ್ಕೆ ಹೋದರು. ವಿಮಾನ ನಿಲ್ದಾಣಕ್ಕೆ ನಿಧಿ ಹೋದಳು.

ಈ ವರ್ಷ ಅವರ ಪುಸ್ತಕ ಬಂತು, ಇಂಗ್ಲಿಷಿನಲ್ಲಿ. ಮೊಯಾಲೆಯ ಅಧ್ಯಾಯವನ್ನು ನಿಧಿ ಸೋಫಾದ ಮೇಲೆ ಕಾಲು ಮಡಚಿ ಕೂತು ನನಗೆ ಓದಿ ಹೇಳಿದಳು. ಮಹದೇವಣ್ಣ ಎಲ್ಲವನ್ನೂ ಸರಿಯಾಗಿ ಬರೆಸಿದ್ದರು. ಜಗಲಿಯ ಮೇಲೆ ಶ್ರೀಕಂಠ. ಒಳಗಿನಿಂದ ಕೂಗುವವರು ಅವರು. ಒಂಟೆಯ ಮಾತೂ ಇದೆ. ಚುನಾವಣೆ ಸೋತಾಗ ಮಾಡಿದ ಫೋನು, ಇವರು ಹೇಳಿಕೊಟ್ಟದ್ದು, ಎಲ್ಲ. ಆ ತಾತ ಸರಿಯಾದ ಮನುಷ್ಯನನ್ನೇ ಕರೆದರು, ತಪ್ಪು ಮನುಷ್ಯ ಓಗೊಟ್ಟ ಎಂದೂ ಬರೆದಿದ್ದಾರೆ. ಓದುತ್ತಾ ಓದುತ್ತಾ ನಿಧಿಯ ದನಿ ಸಣ್ಣದಾಯಿತು. "ಸಾರಿ ಅಮ್ಮ" ಎಂದಳು.

ಒಂದು ವರ್ಷ ನಾನು ಬಯಸಿದ್ದು ಇದನ್ನೇ. ಕೈಗೆ ಬಂದಾಗ ಖುಷಿಯಾಗಬೇಕಿತ್ತು. ಆಯಿತು, ಆದರೆ ಅದು ನಿಲ್ಲಲಿಲ್ಲ. ಪುಸ್ತಕ ಓದಿದ ಆ ಗೋಧಿ ಸೀಮೆಯ ಒಬ್ಬ ರೈತ ಹೆಂಗಸು ಮಹದೇವಣ್ಣನ ಮೂಲಕ ನನಗೆ ಸಂದೇಶ ಕಳಿಸಿದ್ದಳು, ನಿನ್ನ ಗಂಡನನ್ನು ನಾನು ಬಲ್ಲೆ ಅನ್ನಿಸುತ್ತದೆ ಎಂದು. ನಿನಗೇನು ಗೊತ್ತು ಎಂದುಕೊಂಡೆ. ಮೊದಲು ಒಬ್ಬರ ಮೇಲಿದ್ದ ಹೊಟ್ಟೆಕಿಚ್ಚು ಈಗ ಒಂದಿಡೀ ಊರಿನ ಮೇಲಾಯಿತು.

ನಿಧಿ ಅಧ್ಯಾಯದ ಕೊನೆಯ ಸಾಲನ್ನು ಕನ್ನಡದಲ್ಲಿ ಹೇಳಲು ತಡವರಿಸಿ, ಹೇಳಿದಳು: "ಅವನ ಕೊನೇ ದಿನಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ."

"ಇನ್ನೊಂದ್ಸಲ ಓದು," ಎಂದೆ.

ಓದಿದಳು. ಪುಸ್ತಕ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು. "ಅಮ್ಮ, ನಾನು ಕಾಲೇಜಿಗೆ ಹೋದ್ಮೇಲೆ ನೀನೊಬ್ಳೇ ಇರ್ತಿದ್ದೆ ಅಲ್ವಾ ಅಪ್ಪನ ಜೊತೆ? ನಿಂಗೆ ಗೊತ್ತಿರುತ್ತೆ. ಅಪ್ಪ ಏನ್ ಮಾತಾಡ್ತಿದ್ರು?"

ಮಗಳು ಅಪ್ಪನ ವಿಷಯಕ್ಕೆ ನನ್ನ ಹತ್ತಿರ ಬಂದದ್ದು ಅದೇ ಮೊದಲು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಎದ್ದು ಹೋಗಿ ಒಲೆ ಆರಿಸಿ ಬಂದು ಅವಳ ಎದುರಿಗೆ ಕೂತೆ.

"ಹೇಳ್ತೀನಿ," ಎಂದೆ. "ಆದ್ರೆ ಯಾರಿಗೂ ಹೇಳ್ಕೂಡ್ದು. ಡೇವ್ ಅಂಕಲ್‌ಗಂತೂ ಹೇಳ್ಲೇಕೂಡ್ದು."